ಎಲೆಯುದುರಿದ ಅಂಜೂರ

ಹಾಲಗುಂಡಿಯ ಗುಡ್ಡದ ಬುಡದಲ್ಲಿ ಪೂಜ್ಯ ಗುರುಶಾಂತ ಸ್ವಾಮಿಗಳವರ ಮಠವಿತ್ತು. ಮಠವೆಂದರೆ ಏನು, ಎರಡು ಅಂಕಣದ ಮಣ್ಣಿನ ಮನೆ, ಹಿಂದೊಂದು ಸೇದುವ ಬಾವಿ, ಅಷ್ಟೇ. ಭಕ್ತರ ಬಾಯಲ್ಲಿ ಅವರು ಅಜ್ಜನವರು. ಮಾಗಿಯಲ್ಲಿ ಆ ಗುಡ್ಡದಿಂದ ಮಂಜು ಇಳಿದರೆ ಹೊತ್ತೇರುವ ತನಕ ಬಾವಿ ಕಾಣದು, ಬೇಲಿ ಕಾಣದು. ಲೋಕ ಇನ್ನೂ ಹುಟ್ಟಿಯೇ ಇಲ್ಲವೇನೋ ಅನ್ನಿಸುತ್ತಿತ್ತು. ಅಂಥದೊಂದು ಬೆಳಗಿನಲ್ಲಿ ಅಜ್ಜನವರು ಬೇರು ಬಿಟ್ಟ ಅಂಜೂರದ ಸಸಿಗಳನ್ನು ನೆಡುತ್ತಿದ್ದರು. ಮಳೆಗಾಲ ಬಿಟ್ಟು ಈ ಕೊರೆಯುವ ಚಳಿಯಲ್ಲಿ ಯಾರಾದರೂ ಸಸಿ ನೆಡುತ್ತಾರೆಯೇ ಎಂದು ಊರವರು ಮರೆಯಲ್ಲಿ ನಗುತ್ತಿದ್ದರು. ನಗಲಿ ಬಿಡಿ. ಮಹಾತ್ಮರ ಹೊತ್ತುಗೊತ್ತು ನಮ್ಮಂಥವರಿಗೆ ಎಲ್ಲಿ ತಿಳಿಯಬೇಕು.

ಅಂದು ಸೂಲಗಿತ್ತಿ ಹುಲಿಗೆಮ್ಮ ಬಂದು ಅಡ್ಡಬಿದ್ದಳು. ಸುತ್ತಲಿನ ಊರುಗಳ ಅರ್ಧ ಮಕ್ಕಳು ಅವಳ ಕೈಯಲ್ಲೇ ಕಣ್ಣು ಬಿಟ್ಟವರು. ಆದರೆ ಹಿಂದಿನ ಸುಗ್ಗಿಯಲ್ಲಿ ಒಂದು ಹೆರಿಗೆಯಲ್ಲಿ ತಾಯಿಯೂ ಹೋದಳು, ಕೂಸೂ ಹೋಯಿತು. ಹುಲಿಗೆಮ್ಮನ ಕೈಗುಣ ಕೆಟ್ಟಿತು ಎಂದು ಯಾರೋ ಅಂದರು. ಊರ ಬಾಯಿಗೆ ಬೀಗ ಹಾಕುವವರಾರು? ಅವಳನ್ನು ಕರೆಯುವುದು ನಿಂತಿತು. ಅದಕ್ಕಿಂತ ಸಂಕಟದ ಮಾತೆಂದರೆ, ಆ ಮಾತನ್ನು ಅವಳೂ ನಂಬಿಬಿಟ್ಟಳು. ಈಗ ಮಗಳು ಹಂಪಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಅವ್ವನ ಹೊರತು ಬೇರೆ ಯಾರೂ ತನ್ನನ್ನು ಮುಟ್ಟಕೂಡದೆಂದು ಹಟ ಹಿಡಿದಿದ್ದಾಳೆ. ಹುಲಿಗೆಮ್ಮನಿಗೋ ಮಗಳ ಹೊಟ್ಟೆಯ ಮೇಲೆ ಕೈಯಿಡಲೂ ಭಯ.

ಅಜ್ಜನವರು ಎಲ್ಲವನ್ನೂ ಕೇಳಿದರು. ಒಂದು ಸಸಿಯನ್ನೆತ್ತಿ ಅವಳತ್ತ ಚಾಚಿದರು. ಅವಳು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಹಿಂದೆ ಸರಿದಳು.

“ನಾ ಮುಟ್ಟಿದ್ದು ಉಳಿಯಂಗಿಲ್ರಿ, ಅಜ್ಜಾರ.”

“ನನ್ನ ಕೈ ಚಳಿಗೆ ಮರಗಟ್ಟ್ಯಾವ, ಯವ್ವಾ. ನೀನ ನೆಡು.”

ಗುರುವಿನ ಮಾತು ಮೀರುವುದುಂಟೇ. ಸೆರಗಿನಿಂದ ಕೈ ಹೊರತೆಗೆದು ಕುಳಿತಳು. ಎಳೆಗೂಸಿನ ತಲೆ ಹಿಡಿದಂತೆ ಬೇರಿನ ಹೆಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಣಿಗೆ ಇಳಿಸಿದಳು. ಅಭ್ಯಾಸದ ಕೈ, ಬೇರೆ ರೀತಿ ಹಿಡಿಯಲು ಅದಕ್ಕೆ ಬಾರದು. ಉಳಿದ ಸಾಲನ್ನೂ ಅವಳೇ ಮುಗಿಸಿದಳು. ದಿನಾ ಬಂದು ನೀರು ಹೊಯ್ಯೆಂದು ಅಜ್ಜನವರು ಅಪ್ಪಣೆ ಕೊಟ್ಟರು.

ಕೆಲವು ವಾರ ಕಳೆದವು. ಚಳಿ ಇನ್ನೂ ಬಲಿಯಿತು. ಸಸಿಗಳ ಎಲೆ ಹಳದಿಗಟ್ಟಿ ಒಂದೊಂದಾಗಿ ಉದುರಿ, ಬರೀ ಕಡ್ಡಿಗಳು ನಿಂತವು. ಚಳಿಗೆ ಎಲೆ ಕಳಚಿ ಮಲಗುವುದು ಅಂಜೂರದ ಗುಣ. ಜೋಳ, ಹತ್ತಿ ಬಿಟ್ಟು ಬೇರೇನೂ ಕಾಣದ ಆ ಊರಿಗೆ ಅದೆಲ್ಲಿ ಗೊತ್ತು? ಕೊಡ ಹೊತ್ತು ಬಂದ ಹುಲಿಗೆಮ್ಮ, ತನ್ನ ಕೈ ತಾಗಿ ಇವೂ ಸತ್ತವೆಂದುಕೊಂಡಳು. ಯಾರ ಕಣ್ಣಿಗೂ ಬೀಳುವ ಮೊದಲೇ ಎಲ್ಲವನ್ನೂ ಕಿತ್ತು ಒಲೆಗೆ ಹಾಕಬೇಕೆಂದು, ಆ ಮಂಜಿನೊಳಗೇ ಮೊದಲ ಕಡ್ಡಿಗೆ ಕೈ ಹಾಕಿದಳು. ಅದು ಬರಲಿಲ್ಲ. ಮಂಡಿಯೂರಿ ಜಗ್ಗಿದಳು. ನೆಲವೇ ಒಳಗಿನಿಂದ ಜಗ್ಗುತ್ತಿದೆಯೋ ಎಂಬಂತೆ, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಅಜ್ಜನವರು ಯಾವಾಗ ಬಂದು ಹಿಂದೆ ನಿಂತಿದ್ದರೋ, ಮಂಜಿನಲ್ಲಿ ಅವಳಿಗೆ ತಿಳಿಯಲಿಲ್ಲ.

“ಸತ್ತದ್ದು ಹಿಂಗ ಮಣ್ಣು ಹಿಡಕೊಂತದೇನು, ಯವ್ವಾ?”

ಇಷ್ಟೇ ಅಂದು ಅವರು ಒಳನಡೆದರು. ಹುಲಿಗೆಮ್ಮ ಕಡ್ಡಿಯ ಬುಡಕ್ಕೆ ಕೈಯಾನಿಸಿಕೊಂಡು, ಮಂಜು ಕರಗುವ ತನಕ ಅಲ್ಲೇ ಕೂತಿದ್ದಳು. ಅತ್ತಳು, ತುಂಬ ಅತ್ತಳು. ಹೋದ ಆ ತಾಯಿಗಾಗಿ, ಆ ಕೂಸಿಗಾಗಿ ಅವಳು ಅತ್ತದ್ದು ಅದೇ ಮೊದಲು. ಅಲ್ಲಿಯ ತನಕ ಬರೀ ಹೆದರಿದ್ದಳು.

ಅದೇ ಮಧ್ಯಾಹ್ನ ಹಂಪಮ್ಮನಿಗೆ ನೋವು ಕಾಣಿಸಿತು. ಪಕ್ಕದೂರಿನ ಸೂಲಗಿತ್ತಿಯನ್ನು ಕರೆತರಲು ನೆರೆಯವರು ಆಗಲೇ ಗಾಡಿ ಹೂಡಿದ್ದರು. ಹುಲಿಗೆಮ್ಮ ಬಾಗಿಲಿಗೆ ಬಂದಳು.

“ಎತ್ತಿನ ಕೊಳ್ಳ ಹರೀರಿ, ಗಾಡಿ ಬಿಡ್ರಿ. ಯಾರೂ ಬ್ಯಾಡ. ನಾ ಅದೀನಿ.”

ಹೆರಿಗೆ ಸುಲಭವಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಕೂಸೊಂದು ಅವಳ ಅಂಗೈಗೆ ಇಳಿದು ಕಿರುಚಿಕೊಂಡಿತು. ಅದನ್ನು ಒರೆಸಿ, ಮಗಳ ಎದೆಗೆ ಕೊಟ್ಟು, ಹುಲಿಗೆಮ್ಮ ತನ್ನ ಎರಡೂ ಕೈಗಳನ್ನು ತಾನೇ ಕಣ್ಣಿಗೊತ್ತಿಕೊಂಡಳು.