ತುಂಬಿದೆ

ಭೂಮಿ ಸುಟ್ಟುಹೋಗುವ ಮುಂಚೆ ಅಲ್ಲಿಂದ ಹೊರಟದ್ದು ಎರಡೇ ನೌಕೆ. ಹೊಸ ನೆಲ ಹುಡುಕಲು ಮೊದಲನೆಯದು ಮುಂದೆ ಹೋಯಿತು. ಎರಡನೆಯದರಲ್ಲಿ ಮುನ್ನೂರು ಜನ ಅದರ ಹಿಂದೆಯೇ ಹೊರಟರು. ಇವರನ್ನು ಬಿಟ್ಟರೆ ಮನುಷ್ಯರು ಅಂತ ಇನ್ನೆಲ್ಲೂ ಇರಲಿಲ್ಲ.

ಎಷ್ಟೋ ವರ್ಷ ಕಳೆದು, ಈ ಎರಡನೇ ನೌಕೆಯಲ್ಲಿ ಭೂಮಿಯನ್ನು ಕಂಡವರೆಂದು ಈಗ ಉಳಿದಿದ್ದದ್ದು ಗುರು ಸದಾಶಿವಯ್ಯ ಒಬ್ಬರೇ. ಸೊಪ್ಪು ಬೆಳೆಯುವ ಮೂಲೆಯಲ್ಲಿ ಒಂದು ಚಾಪೆ ಹಾಸಿಕೊಂಡಿದ್ದರು. ಜನ ಅದನ್ನೇ ಆಶ್ರಮ ಅನ್ನುತ್ತಿದ್ದರು, ಪಾಪ.

ಶಿಷ್ಯ ಇಂದುಧರ ನೌಕೆಯಲ್ಲೇ ಹುಟ್ಟಿದವನು. ಚುಕ್ಕಾಣಿ ಅವನ ಕೈಯಲ್ಲಿತ್ತು. ಬುದ್ಧಿವಂತನೇ, ಆದರೆ ಮಹಾ ಅವಸರದ ಆಸಾಮಿ.

ಗುರುಗಳು ಜ್ವರದಿಂದ ಹತ್ತು ದಿನ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದರು. ಎದ್ದು ಕೂತು ಗಂಜಿ ಕುಡಿಯುವಾಗ ಇಂದುಧರ ಓಡಿ ಬಂದು ಕಾಲಿಗೆ ಬಿದ್ದ. ಮೊದಲ ನೌಕೆಯಿಂದ ಮಾತು ಬಂತು, ಅವರು ನೆಲ ಮುಟ್ಟಿದ್ದಾರೆ, ನಾನೂ ನೌಕೆಯನ್ನು ಅತ್ತಲೇ ತಿರುಗಿಸಿಬಿಟ್ಟೆ ಎಂದ.

ತಿರುಗಿಸಲು ಇಂಧನ ಇದ್ದದ್ದು ಒಂದೇ ಸಲಕ್ಕೆ. ಅದು ಗುರುಗಳಿಗೂ ಗೊತ್ತಿತ್ತು.

"ಅವರು ಹೇಗೆ ಹೇಳಿದರೋ ಹಾಗೇ ಹೇಳು," ಎಂದರು.

ಇಂದುಧರನಿಗೆ ಬಾಯಿಪಾಠವೇ ಆಗಿತ್ತು. ಯಾರೋ ಮುದುಕಿಯ ದನಿ, ಭೂಮಿಯಲ್ಲೇ ಹುಟ್ಟಿ ಬೆಳೆದವಳಂತೆ. "ನಾನು ಪುಟ್ಟಗೌರಮ್ಮ. ಇಲ್ಲಿ ನೀರು ತುಂಬಿದೆ. ಕಾಳು ತುಂಬಿದೆ. ನಿಮ್ಮ ದಾರಿ ಇನ್ನೂ ಉದ್ದ ಇದೆ, ಹುಷಾರಾಗಿ ಹೋಗಿ."

ಗುರುಗಳು ಗಂಜಿಯ ಬಟ್ಟಲು ಕೆಳಗಿಟ್ಟರು. ತಲೆದೆಸೆಯಲ್ಲಿದ್ದ ಹಳೇ ತಗಡಿನ ಡಬ್ಬಿ ತರಲು ಹೇಳಿದರು. ಭೂಮಿಯಿಂದ ಅವರು ತಂದದ್ದು ಅದೊಂದೇ, ಅವರಮ್ಮನ ಅಕ್ಕಿ ಡಬ್ಬಿ. ಮುಚ್ಚಳ ತೆಗೆದು ತೋರಿಸಿದರು.

"ಏನಿದೆ?"

"ಏನೂ ಇಲ್ಲ."

"ನಮ್ಮಮ್ಮ ಹಾಗಂದಿದ್ದರೆ ನಮ್ಮಜ್ಜಿ ಬಾಯಿಗೆ ಹೊಡೀತಿದ್ದಳು. ಅಡಿಗೆಮನೇಲಿ ಇಲ್ಲ ಅನ್ನಬಾರದು. ಅಕ್ಕಿ ಮುಗಿದ ದಿನ ಅಮ್ಮ ಅಕ್ಕಿ ತುಂಬಿದೆ ಅಂತಿದ್ದಳು. ಅಪ್ಪ ಚೀಲ ಹಿಡಿದು ಅಂಗಡಿಗೆ ಹೊರಡುತ್ತಿದ್ದ."

ಇಂದುಧರ ನಕ್ಕ. ಆಮೇಲೆ ಅರ್ಥವಾಯಿತು. ಇಲ್ಲಿಗೆ ಬರಬೇಡಿ, ಮುಂದೆ ಹೋಗಿ ಅಂತ ಆ ಮುದುಕಿ ತನಗೆ ತಿಳಿದ ಮಾತಿನಲ್ಲಿ ಹೇಳಿದ್ದಳು.

ಅವಳನ್ನು ಕೂಗಿ ಕೇಳೋಣವೇ ಎಂದರು ಗುರುಗಳು. ಆರು ದಿನದಿಂದ ಆ ಕಡೆ ಸದ್ದೇ ಇಲ್ಲ ಎಂದ ಇಂದುಧರ.

"ಇದನ್ನ ನನಗ್ಯಾಕೆ ಕಲಿಸಲಿಲ್ಲ?"

"ನಕ್ಷತ್ರಗಳನ್ನೆಲ್ಲ ಕಲಿಸಿದೆ. ಇದು ನೆನಪಾಗಲಿಲ್ಲ ಕಣೋ. ಇಲ್ಲಿ ಎಲ್ಲಾ ಅಳೆದು ಕೊಡೋರು, ಯಾವತ್ತೂ ಏನೂ ಮುಗಿದಿರಲಿಲ್ಲ." ಗುರುಗಳ ಕಣ್ಣಲ್ಲಿ ನೀರು ಬಂತು. ತಪ್ಪು ನನ್ನದೂ ಹೌದು ಎಂದರು.

ಆಚೆ ಜನ ಹಾಡು ಹೇಳುತ್ತಿದ್ದರು. ಮಕ್ಕಳು ಇನ್ನೂ ನೋಡದ ಕೆರೆಗಳಿಗೆ ಹೆಸರಿಟ್ಟುಕೊಂಡು ಜಗಳ ಆಡುತ್ತಿದ್ದರು. ಆ ನೆಲ ಮುಟ್ಟಲು ಇನ್ನು ಎರಡು ತಿಂಗಳು. ಇಂದುಧರ ಬಾಗಿಲವರೆಗೆ ಹೋದ, ಅವರ ಮುಖ ನೋಡಲಾರದೆ ತಿರುಗಿ ಬಂದ. ಚಾಪೆಯ ಮೇಲೆ ಕುಸಿದು ಕೂತು ಅತ್ತ.

"ಗುರುಗಳೇ, ನಮಗೆ ಭರವಸೆ ಅನ್ನೋದು ಏನಾದರೂ ಉಳಿದಿದೆಯಾ?"

ಸದಾಶಿವಯ್ಯ ಡಬ್ಬಿಯ ಮುಚ್ಚಳ ಹಾಕಿದರು. ಸಡಿಲವಾಗದಂತೆ ಅಂಗೈಯಿಂದ ಒತ್ತಿದರು.

"ತುಂಬಿದೆ, ಮಗು."