ಬೀಗದಕೈ ಬುಗ್ಗೆಯ ಮಹಿಮೆ

ಭಕ್ತಮಹಾಶಯರೇ, ಬಟ್ಟಲು ಹಿಡಿದು ನೀರಿಗೆ ಬಗ್ಗುವ ಮುನ್ನ ಈ ಬುಗ್ಗೆಯ ಪೂರ್ವವೃತ್ತಾಂತವನ್ನು ಸಾವಧಾನಚಿತ್ತದಿಂದ ಕೇಳಬೇಕು. ಅವಸರದವರು ಮುಂದೆ ಹೋಗಬಹುದು, ನೀರೇನೂ ಓಡಿಹೋಗುವುದಿಲ್ಲ. ಒಮ್ಮೆ ಓಡಿಹೋಗಿತ್ತೆಂಬುದೇ ಈ ಕಥೆ.

ಈ ಆಂಗ್ಲದ್ವೀಪವನ್ನು ಸ್ಯಾಕ್ಸನ್ ಅರಸರು ಹಂಚಿಕೊಂಡು ಆಳುತ್ತಿದ್ದ ಪುರಾತನಕಾಲದಲ್ಲಿ, ಓಕ್ ವೃಕ್ಷಪರಿವೃತವಾದ ಈ ಹುಲ್ಲುಗಾವಲಿನ ಒಡೆಯನಾದ ಎಡ್ವಲ್ಫನೆಂಬ ಸಾತ್ವಿಕನು ತಿಲ್ಬರ್ಗಾ ಎಂಬ ಕನ್ಯೆಯನ್ನು ವರಿಸಿದನು. ಮದುವೆಯ ಮರುದಿನ ಸೂರ್ಯೋದಯಕ್ಕೆ ಪತಿಯು ಪತ್ನಿಗೆ ಭೂಮಿಯನ್ನೋ ಗೋವುಗಳನ್ನೋ ಕೊಡುವುದೂ ಕೊಟ್ಟದ್ದು ಅವಳ ಸ್ವಂತವಾಗಿಯೇ ಉಳಿಯುವುದೂ ಆ ಜನರ ಕುಲಾಚಾರವಾಗಿತ್ತು. ಅದಕ್ಕೆ ಬೆಳಗಿನ ಕೊಡುಗೆಯೆಂದು ಹೆಸರು. ಅದರಂತೆ ಎಡ್ವಲ್ಫನು ಹುಲ್ಲುಗಾವಲನ್ನೂ ಬುಗ್ಗೆಯನ್ನೂ ಅವಳಿಗಿತ್ತು, ಉಗ್ರಾಣದ ಬೀಗದಕೈಯನ್ನು ಸ್ವಹಸ್ತದಿಂದ ಅವಳ ನಡುಪಟ್ಟಿಗೆ ಕಟ್ಟಿದನು.

ಆ ಊರಿನ ಸ್ತ್ರೀಯರು ಅನಾದಿಯಿಂದಲೂ ಬುಗ್ಗೆಯ ಬಂಡೆಯ ಮೇಲೆ ಮೂವರು ತಾಯಂದಿರೆಂಬ ಜಲದೇವತೆಗಳಿಗೆಂದು ಬೆಣ್ಣೆಯಿಡುತ್ತಿದ್ದರು. ಕ್ರಿಸ್ತಧರ್ಮವನ್ನು ಬೋಧಿಸಲು ಬಂದ ಬೊಟ್ವಿನನೆಂಬ ಪಾದ್ರಿಗೆ ಇದು ಸರಿಬರಲಿಲ್ಲ. ತಿಲ್ಬರ್ಗೆಯೋ ಅವನಿಂದ ದೀಕ್ಷೆ ಪಡೆದವಳು, ಬೆಣ್ಣೆಯಿಡುವುದನ್ನೂ ಬಿಡದವಳು.

ಕಾಲಾಂತರದಲ್ಲಿ ಎಡ್ವಲ್ಫನು ನಿಸ್ಸಂತಾನನಾಗಿ ದೈವಾಧೀನನಾಗಲು, ಅವನ ತಮ್ಮ ಕುತ್ರೆಡನು ಊರವರನ್ನು ಬುಗ್ಗೆಯ ಬಳಿ ಸೇರಿಸಿ, "ಅತ್ತಿಗೆ, ಹುಲ್ಲುಗಾವಲು ನಮ್ಮ ವಂಶದ್ದು. ಬೀಗದಕೈ ಬಿಚ್ಚಿಡಿ, ನಿಮಗೊಬ್ಬ ಗಂಡನನ್ನು ನಾನೇ ಹುಡುಕುತ್ತೇನೆ" ಎಂದನು. ಆಹಾ, ಎಂಥ ಉದಾರಿ!

"ಕೊಟ್ಟವರು ನಿಮ್ಮಣ್ಣ, ಕೊಟ್ಟದ್ದು ನನಗೆ. ದಿಕ್ಕಿಲ್ಲದ ಹೆಂಗಸರಿಗೆ ಇಲ್ಲೊಂದು ಆಶ್ರಮ ಕಟ್ಟುತ್ತೇನೆ, ಮೈದುನರೇ" ಎಂದು ತಿಲ್ಬರ್ಗೆಯು ನುಡಿದಳು. ಕೊಡುಗೆಗೆ ಸಾಕ್ಷಿಯಾಗಿದ್ದ ಬೊಟ್ವಿನನು, ಹುಲ್ಲುಗಾವಲು ಕೈಸೇರಿದರೆ ಬುಗ್ಗೆಯನ್ನು ಮುಚ್ಚಿಸುವೆನೆಂಬ ಕುತ್ರೆಡನ ವಾಗ್ದಾನಕ್ಕೆ ಮರುಳಾಗಿ, ಬಾಯಿಗೆ ಬೀಗ ಹಾಕಿಕೊಂಡು ನಿಂತನು. ವಿನಾಶಕಾಲೇ ವಿಪರೀತಬುದ್ಧಿ! ಕುತ್ರೆಡನು ಬೀಗದಕೈಯನ್ನು ಕಿತ್ತು, "ನಿಮ್ಮ ತಾಯಂದಿರೇ ಎತ್ತಿಕೊಡಲಿ" ಎಂದು ನೀರಿಗೆಸೆದನು.

ತತ್‌ಕ್ಷಣವೇ ಬುಗ್ಗೆಯು ಬತ್ತಿತು. ಗುದ್ದಲಿಗಳು ಮೂರು ದಿನ ಅಗೆದರೂ ಒಣಮಣ್ಣಲ್ಲದೆ ಮತ್ತೇನೂ ಸಿಗಲಿಲ್ಲ, ಬೀಗದಕೈಯೂ ಸಿಗಲಿಲ್ಲ. ನಾಲ್ಕನೆಯ ದಿನ ಕುತ್ರೆಡನ ಕರುಗಳು ಒಣಬಂಡೆಯನ್ನು ನೆಕ್ಕುತ್ತಿರುವುದನ್ನು ತಿಲ್ಬರ್ಗೆಯು ಕಂಡಳು. "ಅಯ್ಯೋ, ಈ ಮೂಕಪ್ರಾಣಿಗಳೇನು ಮಾಡಿದ್ದವು?" ಎಂದು ಅಳುತ್ತ ಅವಳು ಬಂಡೆಯ ಮೇಲೆ ಅಂಗೈಯೂರಲು, ಭೂಗರ್ಭದಿಂದ ಗಂಭೀರವಾದ ವಾಣಿಯೊಂದು ಕೇಳಿಬಂತು:

"ಇಟ್ಟ ಹೆಸರುಗಳು ನಿಮ್ಮವು, ಹರಿಯುವ ನೀರು ನನ್ನದು. ಒಲಿದು ಕೊಟ್ಟದ್ದನ್ನು ಕಸಿಯುವ ಕೈಗೆ ನಾನು ನಿಲುಕೆನು."

ಅವಳು ಕೈಯೆತ್ತಿದಾಗ ಬಂಡೆಯ ಮೇಲೆ ಬೀಗದಕೈಯಿತ್ತು; ಅದರಡಿಯಿಂದ ನೀರು ಚಿಮ್ಮಿತು. ಕರುಗಳು ಕುಡಿದ ಮೇಲೆ, ತಲೆತಗ್ಗಿಸಿ ನಿಂತಿದ್ದ ಕುತ್ರೆಡನಿಗೆ ಅವಳೇ ಬಟ್ಟಲು ತುಂಬಿಕೊಟ್ಟು, "ಕುಡಿಯಿರಿ" ಎಂದಳು. ಅವನು ಕುಡಿದು, ಊರೆಲ್ಲ ಕೇಳುವಂತೆ, "ಅತ್ತಿಗೆ, ಇದು ನಿಮ್ಮದು" ಎಂದನು. ಆಶ್ರಮವೂ ಎದ್ದಿತು, ಸನ್ಯಾಸಿನಿಯರೂ ಮುಂದೆ ಬಂದು ಸೇರಿದ ಸನ್ಯಾಸಿಗಳೂ ತಿಲ್ಬರ್ಗೆಯ ಆಜ್ಞಾನುವರ್ತಿಗಳಾಗಿ ಬಾಳಿದರು, ಮೊದಲು ತಲೆಬಾಗಿದವನು ಬೊಟ್ವಿನನೇ. ಬುಗ್ಗೆಯನ್ನು ಅವನು ಮುಚ್ಚಲಿಲ್ಲ, ಅದರ ನೀರಿನಿಂದಲೇ ಮಕ್ಕಳಿಗೆ ದೀಕ್ಷೆ ಕೊಟ್ಟನು.

ಬಂಡೆಯಲ್ಲಿ ಮೂಡಿದ ಬೀಗದಕೈಯ ಗುರುತನ್ನು ನೀವು ಇಂದಿಗೂ ಬೆರಳಿಟ್ಟು ನೋಡಬಹುದು. ವಸಂತದಲ್ಲಿ ನವದಂಪತಿಗಳು ಬೆಳಗಾಗುತ್ತಲೇ ಇಲ್ಲಿಗೆ ಬರುತ್ತಾರೆ. ಮೊದಲ ಬಟ್ಟಲು ವಧುವಿಗಲ್ಲ, ವರನಿಗೂ ಅಲ್ಲ, ವರನ ತಮ್ಮನಿಗೆ. ಅವನು ನೀರು ಕುಡಿದು, ಎಲ್ಲರೆದುರು, "ಅತ್ತಿಗೆ, ಇದು ನಿಮ್ಮದು" ಎನ್ನುವ ತನಕ ಉಳಿದವರು ಬಾಯಾರಿಕೊಂಡೇ ಕಾಯುತ್ತಾರೆ.