ದಿವಾನರ ಎರಡಕ್ಷರ

ಮದರಾಸಿಗೆ ಹೋಗಿಬಂದ ದಿನದಿಂದ ಕಲ್ಲಾಪುರ ಸಂಸ್ಥಾನದ ದಿವಾನ್ ಶ್ರೀಕಂಠರಾಯರು ಯಾವ ಅರ್ಜಿ ಬಂದರೂ ಅದರ ಕೆಳಗೆ ಎರಡೇ ಇಂಗ್ಲಿಷ್ ಅಕ್ಷರ ಗೀಚುತ್ತಿದ್ದರು: ಓಕೆ. ಅದರ ಮೂಲ ಯಾವುದೆಂದು ಕೇಳಿದರೆ ಸೋಮವಾರ ಲ್ಯಾಟಿನ್ ಎನ್ನುತ್ತಿದ್ದರು, ಮಂಗಳವಾರ ಗ್ರೀಕ್ ಎನ್ನುತ್ತಿದ್ದರು. ಗೊತ್ತಿಲ್ಲ ಎಂಬ ಮಾತು ಮಾತ್ರ ಯಾವ ವಾರವೂ ಅವರ ಬಾಯಿಂದ ಬರಲಿಲ್ಲ.

ಒಂದು ದಿನ ತುಂಬಿದ ಸಭೆಯಲ್ಲಿ ದೊರೆಯ ಮುಂದೆ ಮೀಸೆ ತಿರುವಿದರು.

"ಮಹಾಪ್ರಭು, ಇಡೀ ಸಂಸ್ಥಾನವನ್ನು ಎರಡಕ್ಷರದಲ್ಲಿ ನಡೆಸುತ್ತಿದ್ದೇನೆ. ಇದರ ಅರ್ಥ ಬಿಡಿಸುವ ಗಂಡು ಇಲ್ಲಿ ಯಾರಿದ್ದಾರೆ?"

ಆಸ್ಥಾನದ ವಿನೋದಗಾರ ಮಾದಿರಾಜಯ್ಯನಿಗೆ ಮೈಯೆಲ್ಲ ಉರಿಯಿತು. ಹಿಂದಿನ ದಿನವಷ್ಟೇ ಅಗಸರ ಕೇರಿಯ ನಿಂಗವ್ವ ಅವನ ಬಾಗಿಲಲ್ಲಿ ಕೂತು ಅತ್ತಿದ್ದಳು. "ನೀರು ತುಂಬಿದ ಬಾವಿ ಕಣಪ್ಪ. ಪಾಳುಬಾವಿ ಅಂತ ಸಾವ್ಕಾರ ಅರ್ಜಿ ಬರ್ದವ್ನೆ. ದಿವಾನ್ರು ಓಕೆ ಅಂದವ್ರೆ. ನಾಳೆ ಸಂಜೆ ಮುಚ್ತಾರಂತೆ."

ಅಂದು ಬೆಳಿಗ್ಗೆ ಮಾದಿರಾಜಯ್ಯ ತಾನೂ ಒಂದು ಅರ್ಜಿ ಬರೆದು ದಿವಾನರ ಮೇಜಿಗೆ ತಳ್ಳಿದ್ದ. ಈಗ ಅದನ್ನೇ ಮುಂದೆ ಹಿಡಿದ.

"ಅರ್ಥ ಆಮೇಲೆ ಹೇಳುತ್ತೇನೆ. ಬೆಳಿಗ್ಗೆ ತಾವು ಓಕೆ ಮಾಡಿದ ಅರ್ಜಿ ಇದು. ಸ್ವಲ್ಪ ಓದಿ ಹೇಳಿ, ರಾಯರೇ."

ದಿವಾನರು ಗತ್ತಿನಿಂದ ಕಾಗದ ಬಿಡಿಸಿದರು. "ದಿವಾನರ ತಲೆ ಬಹುಕಾಲದಿಂದ ಪಾಳುಬಿದ್ದಿರುವುದರಿಂದ ಅದಕ್ಕೆ ಮಣ್ಣು ತುಂಬಲು ಅಪ್ಪಣೆಯಾಗಬೇಕು..." ಅಲ್ಲಿಗೆ ನಿಲ್ಲಿಸಿ ಕಾಗದ ಮಡಿಸತೊಡಗಿದರು.

"ಕೆಳಗೇನಿದೆ ರಾಯರೇ?" ಎಂದು ದೊರೆ ಕೇಳಿದ.

"ಓ... ಓಕೆ, ಮಹಾಪ್ರಭು."

"ಬಾವಿಯದೂ ಇದೇ ಕತೆ, ಪ್ರಭು," ಎಂದು ಮಾದಿರಾಜಯ್ಯ ನಿಂಗವ್ವನ ಸಂಗತಿ ಹೇಳಿದ. ಬಾವಿಗೆ ಒಂದು ಹಿಡಿ ಮಣ್ಣೂ ಬೀಳಕೂಡದೆಂದು ದೊರೆ ಆಗಲೇ ಆಳು ಓಡಿಸಿದ.

"ಅದಿರಲಿ, ಆ ಎರಡಕ್ಷರದ ಅರ್ಥವೇನಯ್ಯ?"

"ಪಾದ್ರಿಗಳನ್ನು ಕೇಳಿಬಂದೆ. ಅಮೆರಿಕದಲ್ಲಿ ಯಾರೋ 'ಎಲ್ಲ ಸರಿ' ಎನ್ನುವ ಇಂಗ್ಲಿಷ್ ಮಾತನ್ನು ತಮಾಷೆಗೆ ಬೇಕೆಂದೇ ತಪ್ಪಾಗಿ ಬರೆದು, ಅದರ ಎರಡು ಪದಗಳ ಮೊದಲಕ್ಷರ ಮಾತ್ರ ಉಳಿಸಿಕೊಂಡರಂತೆ. ಅವರಾದರೋ ಗೊತ್ತಿದ್ದು ತಪ್ಪು ಬರೆದರು. ನಮ್ಮ ಕಚೇರಿಗೆ ಬಂದಮೇಲೆ ಅದು ಅಚ್ಚಕನ್ನಡವಾಗಿದೆ."

"ಕನ್ನಡವೇ?"

"ಹೌದು ಪ್ರಭು. ಓ ಎಂದರೆ ಓದದೆ. ಕೆ ಎಂದರೆ ಕೆರೆದದ್ದು."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕು, ಹೊದ್ದಿದ್ದ ಶಾಲು ತೆಗೆದು ಮಾದಿರಾಜಯ್ಯನಿಗೆ ಹೊದಿಸಿದ. ದಿವಾನರೂ ಬರಿಗೈಯಲ್ಲಿ ಹೋಗಲಿಲ್ಲ. ಇನ್ನು ಮುಂದೆ ಬಂದ ಅರ್ಜಿಗಳನ್ನೆಲ್ಲ ನಿಂಗವ್ವನ ಬಾವಿಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಬೇಕೆಂದು ಅಪ್ಪಣೆಯಾಯಿತು.

"ಸರಿ ತಾನೇ, ರಾಯರೇ?" ಎಂದ ದೊರೆ.

ದಿವಾನರು ಬಾಯಿಗೆ ಬಂದ ಎರಡಕ್ಷರವನ್ನು ನುಂಗಿಕೊಂಡು ತಲೆಯಾಡಿಸಿದರು.